ಊರ ಹೊರಗೆ ಎಸೆದ ವಿಗ್ರಹಗಳು: ಅರಸನಾದ ಮನಸ್ಸೆಯ ಪಶ್ಚಾತ್ತಾಪ

ವೇದಭಾಗ: 2 ಪೂರ್ವಕಾಲವೃತ್ತಾಂತ 33:1-25

ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರು ಕಡೆಯಿಂದ ಈ ಬಿಸಿಲಲ್ಲೂ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಸತ್ಯವೇದ ತಂದಿರೋರು 2 ಪೂರ್ವಕಾಲವೃತ್ತಾಂತ 33ನೇ ಅಧ್ಯಾಯ ತೆಗೆಯಿರಿ. ತೆಲುಗು ಬೈಬಲ್ ಇಟ್ಕೊಂಡಿರೋ ಅಮ್ಮಂದಿರೇ, ನಿಮ್ಮಲ್ಲಿ ದಿನವೃತ್ತಾಂತಮುಲು ಅಂತಿದೆ, ಎರಡನೇ ಪುಸ್ತಕ.

ದಂಗೆ ಎದ್ದವರ ಕಥೆ ಅಂದ ಕೂಡಲೇ ನಾವು ಲೂಕ 15ರ ತಪ್ಪಿಹೋದ ಮಗನನ್ನ ಕರೀತೀವಿ. ಅದು ಒಳ್ಳೇದೇ. ಆದರೆ ಆ ಹುಡುಗ ಹಾಳು ಮಾಡಿದ್ದು ಅಪ್ಪನ ಆಸ್ತಿಯ ತನ್ನ ಪಾಲನ್ನ. ಮನಸ್ಸೆ ಹಾಳು ಮಾಡಿದ್ದು ಒಂದು ದೇಶವನ್ನ. ಅವನಿಗೂ ಕ್ಷಮೆ ಸಿಕ್ಕಿತು ಅಂತ ಸತ್ಯವೇದ ಹೇಳೋವಾಗ ನಿಜ ಹೇಳಬೇಕು ಅಂದ್ರೆ ನಮ್ಮಲ್ಲಿ ಕೆಲವರಿಗೆ ಸ್ವಲ್ಪ ಕಸಿವಿಸಿ ಆಗುತ್ತೆ. ಅದಕ್ಕೇ ಇವತ್ತು ಇವನನ್ನ ತಗೊಂಡಿದ್ದೀನಿ.

ಮೊದಲು ಅವನ ಹುಟ್ಟು ನೋಡಿ. ಮನಸ್ಸೆಯ ತಂದೆ ಹಿಜ್ಕೀಯ, ಯೆಹೂದದ ಒಳ್ಳೆಯ ಅರಸರಲ್ಲಿ ಒಬ್ಬ. ಅವನು ಸಾಯೋ ಸ್ಥಿತಿಯಲ್ಲಿದ್ದಾಗ ಗೋಡೆ ಕಡೆ ಮುಖ ಮಾಡ್ಕೊಂಡು ಅತ್ತ. ದೇವರು ಅವನ ಆಯುಸ್ಸಿಗೆ 15 ವರ್ಷ ಕೂಡಿಸಿದರು. ಇದು 2 ಅರಸುಗಳು 20ರಲ್ಲಿದೆ. ಆ ಹಿಜ್ಕೀಯ ಸತ್ತಾಗ ಮನಸ್ಸೆಗೆ 12 ವರ್ಷ. ಲೆಕ್ಕ ಹಾಕಿ. ಕೂಡಿಸಿದ 15 ವರ್ಷದೊಳಗೇ ಈ ಮಗ ಹುಟ್ಟಿದ್ದಾನೆ. ಅಪ್ಪನ ಕಣ್ಣೀರಿನ ಪ್ರಾರ್ಥನೆಗೆ ಉತ್ತರ ಬರದೇ ಇದ್ದಿದ್ರೆ ಮನಸ್ಸೆ ಅನ್ನೋನು ಭೂಮಿ ಮೇಲೆ ಇರ್ತಾನೇ ಇರಲಿಲ್ಲ. ನಾವು ಹೇಳ್ತೀವಲ್ಲ, ಪ್ರಾರ್ಥನೆಯ ಮಗು ಅಂತ, ಹಾಗೆ. ಪ್ರಾರ್ಥನೆಯ ಮಗುವೇ ಯೆಹೂದದ ಅತಿ ಕೆಟ್ಟ ಅರಸನಾದ. ವಿಶ್ವಾಸಿಗಳ ಮಕ್ಕಳು ಹಿಂದಿನ ಸಾಲಲ್ಲಿ ಕೂತಿದ್ದೀರಿ, ನಿಮಗೂ ಹೇಳ್ತಿದ್ದೀನಿ. ಅಮ್ಮನ ಉಪವಾಸ ನಿಮ್ಮನ್ನ ಹುಟ್ಟಿಸಬಹುದು. ನಿಮ್ಮ ಬದಲು ಅಮ್ಮ ದೇವರ ಕಡೆ ತಿರುಗೋಕೆ ಆಗಲ್ಲ.

ಅವನು ಏನು ಮಾಡಿದ? ಅಪ್ಪ ಕೆಡವಿದ್ದ ಪೂಜಾಸ್ಥಳಗಳನ್ನ ಮತ್ತೆ ಕಟ್ಟಿಸಿದ. ಯೆಹೋವನ ಆಲಯದ ಒಳಗೇ ಬೇರೆ ಬಲಿಪೀಠ, ವಿಗ್ರಹ ತಂದು ನಿಲ್ಲಿಸಿದ. ಮಾಟ, ಕಣಿ ಕೇಳೋದು, ಸತ್ತವರನ್ನ ವಿಚಾರಿಸೋದು, ಎಲ್ಲಾ ಆಯ್ತು. 6ನೇ ವಚನ ಓದೋಕೆ ನಾಲಿಗೆ ತಡವರಿಸುತ್ತೆ: ಬೆನ್‌ಹಿನ್ನೋಮ್ ಕಣಿವೆಯಲ್ಲಿ ತನ್ನ ಮಕ್ಕಳನ್ನೇ ಬೆಂಕಿಗೆ ಕೊಟ್ಟ. 2 ಅರಸುಗಳು 21 ಇನ್ನೊಂದು ಮಾತು ಸೇರಿಸುತ್ತೆ, ನಿರಪರಾಧಿಗಳ ರಕ್ತ ಯೆರೂಸಲೇಮಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ತುಂಬಿತ್ತು ಅಂತ. ಆಮೇಲೆ 10ನೇ ವಚನ. ದೇವರು ಮಾತಾಡಿದರು, ಅವರು ಕಿವಿಗೊಡಲಿಲ್ಲ. ದಂಗೆ ಅಂದ್ರೆ ಇದೇ, ದೇವಜನರೇ. ಗೊತ್ತಿಲ್ಲದೆ ಎಡವೋದಕ್ಕೆ ದಂಗೆ ಅನ್ನಲ್ಲ. ಮಾತು ಕೇಳಿಸಿತು, ಯಾರು ಮಾತಾಡ್ತಿದ್ದಾರೆ ಅಂತಲೂ ಗೊತ್ತಾಯ್ತು, ಆದರೂ ಬೇಡ ಅಂದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬಿಡ್ತೀನಿ. ವಿಗ್ರಹ ವಿಗ್ರಹ ಅಂತ ಈ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತೆ. ಪಕ್ಕದ ಮನೆಯವರ ದೇವರ ಮನೆ ಬಗ್ಗೆ ಮಾತಾಡೋಕೆ ನಾನು ಇಲ್ಲಿ ನಿಂತಿಲ್ಲ. ಮನಸ್ಸೆ ಹೊರಗಿನವನಲ್ಲ. ಒಡಂಬಡಿಕೆಯ ಮನೆಯವನು, ಯೆಹೋವನ ಹೆಸರು ಹೊತ್ತವನು. ಈ ಪಾಠ ನಮಗೆ, ಸಭೆಗೆ.

11ನೇ ವಚನದಲ್ಲಿ ಅಶ್ಶೂರದ ಸೇನಾಪತಿಗಳು ಬರ್ತಾರೆ. ಅರಸನಿಗೆ ಕೊಂಡಿ ಹಾಕಿ, ತಾಮ್ರದ ಬೇಡಿ ತೊಡಿಸಿ, ಬಾಬೆಲಿಗೆ ಎಳ್ಕೊಂಡು ಹೋಗ್ತಾರೆ. ಅಶ್ಶೂರದವರು ಹಿಡಿದ್ರೆ ನಿನೆವೆಗೆ ತಾನೇ ಹೋಗಬೇಕು, ಬಾಬೆಲಿಗೆ ಯಾಕೆ ಅಂತ ಬೈಬಲ್ ಓದೋ ಯುವಕರು ಕೇಳ್ತಾರೆ. ಆ ಕಾಲದಲ್ಲಿ ಬಾಬೆಲ್ ಕೂಡ ಅಶ್ಶೂರದ ಅರಸನ ಕೈಕೆಳಗೇ ಇತ್ತು. ಇನ್ನೊಂದು ವಿಷಯ. ಅಶ್ಶೂರದ ಅರಸ ಏಸರ್‌ಹದ್ದೋನನ ಮಣ್ಣಿನ ಶಾಸನ ಒಂದಿದೆ. ನಿನೆವೆಯಲ್ಲಿ ಅವನ ಅರಮನೆ ಕಟ್ಟೋಕೆ ಸಾಮಾನು ಹೊತ್ತು ಕೊಡಬೇಕಾಗಿದ್ದ 22 ಅರಸರ ಪಟ್ಟಿ ಅದರಲ್ಲಿದೆ, ಅಲ್ಲಿ ಯೆಹೂದದ ಅರಸ ಮನಸ್ಸೆಯ ಹೆಸರೂ ಇದೆ. ಬೇಡಿ ಹಾಕಿದ ಸಂಗತಿ ಅದರಲ್ಲಿಲ್ಲ, ಇಲ್ಲದ್ದನ್ನ ಇದೆ ಅನ್ನೋದು ಬೇಡ. ಆದರೆ ಯೆಹೋವನಿಗೆ ತಲೆಬಾಗಲ್ಲ ಅಂದವನು ಮನುಷ್ಯರಿಗೆ ಕೂಲಿಯಾಗಿ ಮರ, ಕಲ್ಲು ಕಳಿಸ್ತಾ ಇದ್ದ ಅನ್ನೋದಕ್ಕೆ ಶತ್ರುವಿನ ಶಾಸನವೇ ಸಾಕ್ಷಿ.

ಈಗ 12 ಮತ್ತು 13ನೇ ವಚನ. ಇದನ್ನ ನಿಧಾನವಾಗಿ ಓದಬೇಕು. ಕಷ್ಟದಲ್ಲಿ ಅವನು ಯೆಹೋವನನ್ನ ಬೇಡ್ಕೊಂಡ, ತನ್ನನ್ನ ಬಹಳವಾಗಿ ತಗ್ಗಿಸ್ಕೊಂಡ. ದೇವರು ಅವನ ಮೊರೆ ಕೇಳಿ ಯೆರೂಸಲೇಮಿಗೆ, ಅವನ ರಾಜ್ಯಕ್ಕೆ, ಮತ್ತೆ ಕರೆತಂದರು. ಆಗ, "ಆಗ" ಅನ್ನೋ ಮಾತಿಗೆ ಗೆರೆ ಹಾಕ್ಕೊಳ್ಳಿ, ಯೆಹೋವನೇ ದೇವರು ಅಂತ ಅವನಿಗೆ ತಿಳಿಯಿತು. ಬೇಡಿ ಬಿದ್ದಾಗ ತಿಳಿಯಿತು ಅಂತ ಬರೆದಿಲ್ಲ. ದೇವರು ಕರುಣೆ ತೋರಿಸಿ ಮನೆಗೆ ಕರೆತಂದ ಮೇಲೆ ತಿಳಿಯಿತು. ಬೇಡಿ ಅವನ ಮೊಣಕಾಲು ಬಗ್ಗಿಸಿತು, ಅಷ್ಟೇ. ಅವನನ್ನ ನಂಬಿಕೆಗೆ ತಂದದ್ದು ಕೃಪೆ. ರೋಮಾಪುರದವರಿಗೆ 2:4ರಲ್ಲಿ ಪೌಲನು ಹೇಳೋದೂ ಇದನ್ನೇ, ದೇವರ ದಯೆಯೇ ಮನುಷ್ಯನನ್ನ ತಿರುಗಿಸುತ್ತೆ. ಕಾಯಿಲೆ ಬಂದಾಗ, ಬೋರ್‌ವೆಲ್ ಬತ್ತಿದಾಗ, ಸಾಲದವರು ಮನೆ ಬಾಗಿಲಿಗೆ ಬಂದಾಗ ಪ್ರಾರ್ಥನೆಗೆ ಬಂದವರು ಬಹಳ ಜನ. ಬಂದದ್ದು ತಪ್ಪಲ್ಲ, ಬನ್ನಿ. ಆದರೆ ಕಷ್ಟ ತೀರಿದ ಮೇಲೆ ಏನಾಯ್ತು? ಮನಸ್ಸೆಯ ಪಶ್ಚಾತ್ತಾಪ ನಿಜ ಅಂತ ಗೊತ್ತಾಗೋದು ಬಾಬೆಲಿನ ಜೈಲಲ್ಲಿ ಅಲ್ಲ. ಸಿಂಹಾಸನದ ಮೇಲೆ ಮತ್ತೆ ಕೂತ ಮೇಲೆ.

ಪದದ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಪಶ್ಚಾತ್ತಾಪ ಅಂತೀವಿ. ಪಶ್ಚಾತ್ ಅಂದ್ರೆ ಆಮೇಲೆ, ತಾಪ ಅಂದ್ರೆ ಸುಡೋದು. ಮಾಡಿದ ಮೇಲೆ ಒಳಗೆ ಸುಡುತ್ತಲ್ಲ, ಅದು. ಒಳ್ಳೆಯ ಪದವೇ, ಆದರೆ ಸುಡೋದಕ್ಕಷ್ಟೇ ನಿಂತುಬಿಡುತ್ತೆ. ಯೂದನಿಗೂ ಸುಟ್ಟಿತು. ನಮ್ಮ ಹಳೇ ಅನುವಾದದಲ್ಲಿ ಮಾನಸಾಂತರ ಅಂತಿದೆ. ಈ ಗಡಿಯಲ್ಲಿ ತೆಲುಗು ಓದೋರಿಗೆ ಮಾರುಮನಸ್ಸು ಗೊತ್ತು. ಮನಸ್ಸೇ ಬೇರೆಯಾಗೋದು, ಗ್ರೀಕ್ ಮೂಲಕ್ಕೆ ಇದು ಹತ್ತಿರ. ಹಳೇ ಒಡಂಬಡಿಕೆಯ ಪ್ರವಾದಿಗಳು ಬಳಸಿದ ಹೀಬ್ರೂ ಮಾತು ಶೂವ್. ಅದು ದಿನನಿತ್ಯದ ಮಾತು, ವಾಪಸ್ ತಿರುಗೋದು ಅಂತ. ಹೊಲಕ್ಕೆ ಹೋದವನು ಸಂಜೆ ಮನೆಗೆ ತಿರುಗ್ತಾನಲ್ಲ, ಹಾಗೆ. ನಿಮ್ಮೂರ ಹೊಲಗಳಲ್ಲೇ ನೋಡಿ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪ್ಯಾನೆಲ್‌ಗಳು ನಿಂತಿವೆ, 2,050 ಮೆಗಾವಾಟ್ ಪಾರ್ಕ್. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿದೆ. ಅದೇ ಪ್ಯಾನೆಲನ್ನ ಬೆನ್ನು ತಿರುಗಿಸಿ ನೆಟ್ಟರೆ ಕರೆಂಟ್ ಬೀಳುತ್ತೆ. ಸೂರ್ಯ ಅದೇ, ಬಿಸಿಲೂ ಅದೇ. ಪ್ಯಾನೆಲ್ ತನ್ನೊಳಗಿಂದ ಬಿಸಿಲು ಹುಟ್ಟಿಸಬೇಕಿಲ್ಲ, ಮುಖ ಸರಿಯಾದ ಕಡೆ ಇದ್ದರೆ ಸಾಕು. ತಿರುಗೋದು ಪಶ್ಚಾತ್ತಾಪ. ಬರೋ ಬೆಳಕನ್ನ ತಗೊಳ್ಳೋದು ನಂಬಿಕೆ. ಎರಡನ್ನೂ ಬೇರೆ ಬೇರೆ ದಿನ ಮಾಡೋಕೆ ಆಗಲ್ಲ.

ಬಾಬೆಲಲ್ಲಿ ಮನಸ್ಸೆಗೆ ಆಲಯ ಇರಲಿಲ್ಲ, ಬಲಿಪೀಠ ಇರಲಿಲ್ಲ, ಕಾಣಿಕೆ ಕೊಡೋಕೆ ಕೈಯಲ್ಲಿ ಒಂದು ಕುರಿಯೂ ಇರಲಿಲ್ಲ. ಹಾಗಾದ್ರೆ ದೇವರು ಯಾವ ಆಧಾರದ ಮೇಲೆ ಕ್ಷಮಿಸಿದರು? ಬೆಂಕಿಯಲ್ಲಿ ಸುಟ್ಟ ಆ ಮಕ್ಕಳು? ಬೀದಿಯಲ್ಲಿ ಹರಿದ ರಕ್ತ? ಅದಕ್ಕೆ ಲೆಕ್ಕ ಯಾರು ಕೊಟ್ಟರು? ಈ ಪ್ರಶ್ನೆ ಕೇಳೋದು ತಪ್ಪಲ್ಲ. ಕೇಳದೇ ಇದ್ರೆ ಕ್ಷಮೆ ಅಂದ್ರೆ ಏನು ಅಂತ ಗೊತ್ತಾಗಲ್ಲ. ರೋಮಾಪುರದವರಿಗೆ 3:25-26 ಉತ್ತರ ಕೊಡುತ್ತೆ. ಹಿಂದಿನ ಕಾಲದ ಪಾಪಗಳನ್ನ ದೇವರು ಸಹಿಸಿ ಬಿಟ್ಟದ್ದು ನ್ಯಾಯ ಮರೆತದ್ದರಿಂದ ಅಲ್ಲ, ಆ ಲೆಕ್ಕವನ್ನ ಶಿಲುಬೆಗೆ ಇಟ್ಟಿದ್ದರು. ಮನಸ್ಸೆಯ ಸಾಲದ ಚೀಟಿ ಸುಮಾರು 7 ಶತಮಾನ ಕಾದು ಕಲ್ವಾರಿಯಲ್ಲಿ ಯೇಸುವಿನ ಮೇಲೆ ಬಿತ್ತು. ಪುಕ್ಕಟೆ ಅಂತ ನಾವು ಹಾಡೋ ಕೃಪೆ ನಮಗೆ ಪುಕ್ಕಟೆ, ಕೊಟ್ಟವರಿಗೆ ಅಲ್ಲ. ಹಲ್ಲೆಲೂಯ.

ಈಗ ಕಷ್ಟದ ಭಾಗಕ್ಕೆ ಬರ್ತೀನಿ.

ಮನಸ್ಸೆ ಊರಿಗೆ ಬಂದ. 15ನೇ ವಚನ: ಆಲಯದಲ್ಲಿದ್ದ ವಿಗ್ರಹವನ್ನ, ತಾನು ಕಟ್ಟಿಸಿದ ಬಲಿಪೀಠಗಳನ್ನ ತೆಗೆಸಿ ಪಟ್ಟಣದ ಹೊರಗೆ ಎಸೆಸಿದ. 16ರಲ್ಲಿ ಯೆಹೋವನ ಬಲಿಪೀಠ ಸರಿಮಾಡಿ ಕೃತಜ್ಞತೆಯ ಕಾಣಿಕೆ ಅರ್ಪಿಸಿದ. ಆಮೆನ್ ಅನ್ನಬೇಕಾದ ವಚನಗಳೇ. ಈಗ 22ಕ್ಕೆ ಬನ್ನಿ. ಅವನ ಮಗ ಆಮೋನ ಪಟ್ಟಕ್ಕೆ ಬಂದ ಮೇಲೆ ಏನು ಮಾಡಿದ? ತನ್ನ ತಂದೆ ಮಾಡಿಸಿದ್ದ ವಿಗ್ರಹಗಳಿಗೇ ಬಲಿ ಕೊಟ್ಟ. ತಂದೆ ಮಾಡಿಸಿದ್ದು! ಎಸೆದಿದ್ದ ಅಲ್ವಾ, ಮತ್ತೆ ಎಲ್ಲಿಂದ ಬಂತು? ಎಸೆದ ಅಂತ ಬರೆದಿದೆ. ಸುಟ್ಟ ಅಂತಾಗಲಿ, ಪುಡಿ ಮಾಡಿದ ಅಂತಾಗಲಿ ಬರೆದಿಲ್ಲ. ಮುಂದಿನ ಅಧ್ಯಾಯದಲ್ಲಿ ಯೋಷೀಯ ಬರ್ತಾನೆ, ಅವನು ಒಡೆದು, ಧೂಳು ಮಾಡಿ ಚೆಲ್ಲಿದ. ಆ ವ್ಯತ್ಯಾಸ ನೋಡ್ಕೊಳ್ಳಿ.

ನಮ್ಮ ತಾಲ್ಲೂಕಿನವರಿಗೆ ದಂಗೆ ಅನ್ನೋದು ಬರೀ ಪುಸ್ತಕದ ಮಾತಲ್ಲ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ನಕ್ಸಲರ ದಾಳಿ ಆಯ್ತು, ಎಷ್ಟೋ ತಾಯಂದಿರ ಮಕ್ಕಳು ಸತ್ತರು. ಇಲ್ಲಿ ಕೂತಿರೋ ಹಿರಿಯರು ಮರೆತಿಲ್ಲ. ಆಮೇಲೆ 20 ವರ್ಷ ಕಳೆದು, 2025ರ ಜನವರಿ 8ರಂದು, ಮಲೆನಾಡಿನ ಕಾಡಲ್ಲಿದ್ದ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅವರೇ ಇವರು ಅಂತ ನಾನು ಹೇಳ್ತಿಲ್ಲ, ಅವರ ಹೋರಾಟದ ಸರಿ ತಪ್ಪು ತೂಗೋದೂ ನನ್ನ ಕೆಲಸ ಅಲ್ಲ. ನಾನು ನೋಡಿದ್ದು ಇಷ್ಟು. ಅವರು ಬಂದ ಕೂಡಲೇ ಜನ ಕೇಳಿದ್ದು ಒಂದೇ ಪ್ರಶ್ನೆ, ಬಂದೂಕು ಎಲ್ಲಿ? ಒಂದೆರಡು ದಿನದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಕಾಡಲ್ಲಿ ಪೊಲೀಸರಿಗೆ ಆಯುಧಗಳು ಸಿಕ್ಕವು. ಶರಣಾದ ಮೇಲೂ ಅವರ ಮೇಲಿನ ಕೇಸುಗಳು ಕೋರ್ಟಿನಲ್ಲಿ ಉಳಿದವು.

ಮನುಷ್ಯರ ಸರ್ಕಾರಕ್ಕೇ ಈ ಪ್ರಶ್ನೆ ಮುಖ್ಯ. ವ್ಯಕ್ತಿ ಬಂದ, ಸರಿ. ಬಂದೂಕು ಕಾಡಲ್ಲೇ ಉಳಿದ್ರೆ ನಾಳೆ ಇನ್ನೊಬ್ಬ ಹುಡುಗನ ಕೈಗೆ ಸಿಗುತ್ತೆ. ಮನಸ್ಸೆ ಬಂದ. ಅವನ ವಿಗ್ರಹ ಊರ ಹೊರಗೆ ಉಳಿಯಿತು. ಆಮೋನನ ಕೈಗೆ ಸಿಕ್ಕಿತು.

ನಾವು ಎಲ್ಲೆಲ್ಲಿ ಬಚ್ಚಿಡ್ತೀವಿ? ದೀಕ್ಷಾಸ್ನಾನ ಆಗಿದೆ, ಆದರೆ ಹಳೇ ನಂಬರ್ ಫೋನಲ್ಲಿ ಬೇರೆ ಹೆಸರಲ್ಲಿ ಸೇವ್ ಆಗಿದೆ. ಕುಡಿಯೋದು ಬಿಟ್ಟಾಯ್ತು, ಆದರೆ ಕೂಲಿ ಬಿದ್ದ ದಿನ ಅದೇ ಅಂಗಡಿ ಮುಂದೆ, ಅದೇ ಗೆಳೆಯರ ಜೊತೆ ನಿಂತ್ಕೊಳ್ತೀವಿ. ಯೇಸು ಸ್ವಾಮಿ ಹೆಸರಲ್ಲಿ ಪ್ರಾರ್ಥನೆ ಮಾಡಿಸ್ಕೊಂಡು, ಯಾವುದಕ್ಕೂ ಇರಲಿ ಅಂತ ಮಗುವಿನ ಸೊಂಟಕ್ಕೆ ತಾಯತ. "ಯಾವುದಕ್ಕೂ ಇರಲಿ" ಅನ್ನೋ ಮಾತು ಬಂದಲ್ಲಿ ನಂಬಿಕೆ ಇನ್ನೂ ಪೂರ್ತಿ ತಿರುಗಿಲ್ಲ ಅಂತ ತಿಳ್ಕೊಳ್ಳಿ.

ಇನ್ನೊಂದಿದೆ, ಈ ಭಾಗದಲ್ಲಿ ನಾನು ಹೆಚ್ಚು ನೋಡೋದು ಅದನ್ನೇ. ಅಣ್ಣ ತಮ್ಮಂದಿರ ಜಗಳ. ಮಳೆ ನಂಬ್ಕೊಂಡು ಕಡ್ಲೆಕಾಯಿ ಬಿತ್ತಿ, ಬೀಜದ ದುಡ್ಡೂ ಬರದೆ ಬೆಂಗಳೂರಿಗೆ ಕೂಲಿಗೆ ಹೋದ ನೆಲ ಇದು. ಆ ನೆಲಕ್ಕೇ ಸೋಲಾರ್ ಗುತ್ತಿಗೆ ಬಂತು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಒಳ್ಳೇದಾಯ್ತು, ಸಾಲ ತೀರಿಸಿದವರಿದ್ದಾರೆ, ಮಕ್ಕಳನ್ನ ಓದಿಸಿದವರಿದ್ದಾರೆ. ನೆಲ ಇಲ್ಲದ ಕೂಲಿಯವರಿಗೆ ಹೊಲದ ಕೆಲಸವೂ ಹೋಯ್ತು, ಅದನ್ನೂ ಮರೀಬಾರದು. ಆದರೆ ಪಹಣಿ ಒಬ್ಬನ ಹೆಸರಲ್ಲಿ, ಉತ್ತವರು ಮೂರು ಜನ ಅನ್ನೋ ಮನೆಗಳಲ್ಲಿ ನಾನು ಕೂತಿದ್ದೀನಿ. ಹಣ ಬ್ಯಾಂಕಿಗೆ ಬರುತ್ತೆ, ತಮ್ಮನಿಗೆ ಪಾಲು ಹೋಗಲ್ಲ. ಭಾನುವಾರ ಇಬ್ಬರೂ ಕೈ ಎತ್ತಿ ಸ್ತೋತ್ರ ಮಾಡ್ತಾರೆ, ಒಬ್ಬ ಈ ಕಡೆ, ಒಬ್ಬ ಆ ಕಡೆ. ಪಾಸ್ಟರೇ, ನಾನು ಕ್ಷಮಿಸಿಬಿಟ್ಟಿದ್ದೀನಿ ಅಂತಾರೆ. ಸಂತೋಷ. ಕ್ಷಮಿಸಿದ ಮೇಲೆ ಪಾಲು? ಜಕ್ಕಾಯನು ಮರದಿಂದ ಇಳಿದ ದಿನವೇ ಲೆಕ್ಕ ಮಾತಾಡಿದ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಅಂದ. ಯೇಸು ಅವನನ್ನ ಕೇಳಿರಲಿಲ್ಲ. ಕೃಪೆ ಮನೆಗೆ ಊಟಕ್ಕೆ ಬಂದ ಮೇಲೆ ಅವನಿಗೇ ಆ ಹಣ ಇಟ್ಕೊಳ್ಳೋಕೆ ಆಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ವಿಗ್ರಹ ಪೂರ್ತಿ ಪುಡಿಯಾದ ಮೇಲೆ ದೇವರ ಹತ್ತಿರ ಬರ್ತೀನಿ ಅಂತ ಯಾರೂ ಕಾಯಬೇಡಿ. ಮನಸ್ಸೆ ಬೇಡ್ಕೊಂಡಾಗ ಅವನ ವಿಗ್ರಹ ಇನ್ನೂ ಆಲಯದೊಳಗೇ ನಿಂತಿತ್ತು. ದೇವರು ಮೊದಲು ಕೇಳಿದರು. ಶುದ್ಧ ಮಾಡೋ ಕೆಲಸ ಆಮೇಲೆ ಶುರುವಾಯ್ತು.

ಇನ್ನು, ಅರಸುಗಳ ಪುಸ್ತಕದಲ್ಲಿ ಮನಸ್ಸೆಯ ಪಶ್ಚಾತ್ತಾಪದ ಸುದ್ದಿಯೇ ಇಲ್ಲ ಯಾಕೆ? 2 ಅರಸುಗಳು 24ರಲ್ಲಿ ಯೆಹೂದ ಸೆರೆಗೆ ಹೋದದ್ದು ಇವನ ಪಾಪದ ದೆಸೆಯಿಂದ ಅಂತಲೇ ಇದೆ. ಎರಡೂ ಸತ್ಯವೇದವೇ, ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಬಿಡಬಾರದು. ದೇವರು ಮನುಷ್ಯನನ್ನ ಕ್ಷಮಿಸಿದರು. ಅವನು 12ನೇ ವಯಸ್ಸಿನಿಂದ ಬಿತ್ತಿದ್ದು ದೇಶದ ತುಂಬಾ ಬೆಳೆದು ನಿಂತಿತ್ತು. ಶರಣಾದವರ ಕೇಸು ಕೋರ್ಟಿನಲ್ಲಿ ಉಳಿದ ಹಾಗೆ. ಕುಡಿದು ಹೆಂಡತಿಗೆ ಹೊಡೀತಿದ್ದವನು ರಕ್ಷಣೆ ಹೊಂದಿದ ದಿನವೇ ಅವನ ಪಾಪ ಸಮುದ್ರದ ಆಳಕ್ಕೆ ಹೋಯ್ತು, ಆಮೆನ್. ಆದರೆ ಅವನು ಬಾಗಿಲು ಜೋರಾಗಿ ತಳ್ಳಿದ್ರೆ ಮಗಳು ಇನ್ನೂ ಬೆಚ್ಚಿಬೀಳ್ತಾಳೆ. "ನನ್ನನ್ನ ದೇವರೇ ಕ್ಷಮಿಸಿದ್ದಾರೆ, ನೀನ್ಯಾಕೆ ಇನ್ನೂ ಮುಖ ಊದಿಸ್ಕೊಂಡಿದ್ದೀಯ" ಅಂತ ಆ ಹೆಂಡತಿಗೆ ಹೇಳಬೇಡಣ್ಣ. ಅವಳಿಗೆ ವರ್ಷಗಳು ಬೇಕಾಗಬಹುದು. ಆ ವರ್ಷಗಳನ್ನ ಅವಳಿಗೆ ಕೊಡೋದೂ ನಿನ್ನ ಪಶ್ಚಾತ್ತಾಪದಲ್ಲಿ ಸೇರಿದೆ.

ಅಪ್ಪಂದಿರು ಕೇಳ್ತೀರಿ, ಹಾಗಾದ್ರೆ ತಡವಾಗಿ ತಿರುಗಿ ಏನು ಪ್ರಯೋಜನ, ನನ್ನ ಮಗ ಆಮೋನನೇ ಆಗಿಬಿಟ್ಟಿದ್ದಾನಲ್ಲ ಅಂತ. ಒಂದು ಲೆಕ್ಕ ತೋರಿಸ್ತೀನಿ. ಆಮೋನ ಪಟ್ಟಕ್ಕೆ ಬಂದಾಗ 22 ವರ್ಷ, ಆಳಿದ್ದು ಎರಡೇ ವರ್ಷ. ಅವನ ಮಗ ಯೋಷೀಯ ಪಟ್ಟಕ್ಕೆ ಬಂದಾಗ ಎಂಟು ವರ್ಷದ ಹುಡುಗ. ಎಂಟರಲ್ಲಿ ಎರಡು ಕಳೀರಿ. ತಾತ ಮನಸ್ಸೆ ಸತ್ತಾಗ ಯೋಷೀಯನಿಗೆ ಸುಮಾರು ಆರು ವರ್ಷ. ತಾತ ಮೊಮ್ಮಗನನ್ನ ತೊಡೆ ಮೇಲೆ ಕೂರಿಸ್ಕೊಂಡು ಬಾಬೆಲಿನ ಕಥೆ ಹೇಳಿದ ಅಂತ ಸತ್ಯವೇದ ಬರೆದಿಲ್ಲ, ನಾನೂ ಸೇರಿಸಲ್ಲ. ವಯಸ್ಸಿನ ಲೆಕ್ಕ ಮಾತ್ರ ಹೇಳ್ತಿದ್ದೀನಿ. ಆದರೆ ಅದೇ ಹುಡುಗ ಬೆಳೆದು, ತಾತ ಊರ ಹೊರಗೆ ಬಿಟ್ಟು ಹೋಗಿದ್ದನ್ನ ಧೂಳು ಮಾಡಿದ.

ತಾತಂದಿರೇ, ಮನೆಯಲ್ಲಿ ಆರು ವರ್ಷದ ಮೊಮ್ಮಗ ಇದ್ದಾನಾ? ಮಗ ನಿಮ್ಮ ಮಾತು ಕೇಳದೇ ಇರಬಹುದು, ಅವನು ನಿಮ್ಮ ಹಳೇ ದಿನಗಳನ್ನ ಕಂಡವನು. ಮೊಮ್ಮಗ ಕಂಡಿಲ್ಲ. ರಾತ್ರಿ ಅವನ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿ. ನೀವು ಎಂಥವರಾಗಿದ್ರಿ, ಯೇಸು ಏನು ಮಾಡಿದರು ಅಂತ ನೀವೇ ಹೇಳಿ, ಬೇರೆಯವರ ಬಾಯಿಂದ ಕೇಳೋದು ಬೇಡ.

ಈಗ ಎಲ್ಲರೂ ಎದ್ದು ನಿಲ್ಲೋಣ. ಪಾಲಿನ ವಿಷಯ ಇರೋ ಅಣ್ಣ ತಮ್ಮಂದಿರು ಮುಂದೆ ಬರೋದೇ ಬೇಡ, ನಿಂತ ಜಾಗದಲ್ಲೇ ಒಬ್ಬರನ್ನೊಬ್ಬರು ನೋಡಿ. ಹಿರಿಯರು ಯಾರಾದರೂ ಜೊತೆಗೆ ಬೇಕು ಅಂದ್ರೆ ಬುಧವಾರದ ಉಪವಾಸ ಪ್ರಾರ್ಥನೆ ಆದ ಮೇಲೆ ನಾನೂ ಮನೆಗೆ ಬರ್ತೀನಿ, ಪಾಸ್‌ಬುಕ್ ತೆಗೆದಿಟ್ಟಿರಿ. ಫೋನಲ್ಲಿ ಅಳಿಸಬೇಕಾದ್ದು ಇರೋರು ಈಗಲೇ ಅಳಿಸಿ, ಮನೆಗೆ ಹೋದ ಮೇಲೆ ಮನಸ್ಸು ಬದಲಾಗುತ್ತೆ. ನಾನು ತಿರುಗಬೇಕು, ಆದರೆ ಶಕ್ತಿ ಇಲ್ಲ ಅನ್ನೋರು ಮಾತ್ರ ಮುಂದೆ ಬನ್ನಿ, ಕೈ ಇಟ್ಟು ಪ್ರಾರ್ಥಿಸ್ತೀವಿ.

ಪ್ರೀತಿಯುಳ್ಳ ಪರಲೋಕದ ತಂದೆಯೇ, ಬಾಬೆಲಿನ ಬೇಡಿಯೊಳಗಿಂದ ಬಂದ ಮೊರೆಯನ್ನು ಕೇಳಿದ ದೇವರೇ, ಈ ಮಧ್ಯಾಹ್ನ ನಿಮ್ಮ ಮಕ್ಕಳ ಮೊರೆಯನ್ನೂ ಕೇಳಿರಿ. ಊರ ಹೊರಗೆ ನಾವು ಬಿಟ್ಟು ಬಂದದ್ದನ್ನು ಪವಿತ್ರಾತ್ಮನೇ ತೋರಿಸಿಕೊಡಲಿ, ಅದನ್ನು ಪುಡಿಮಾಡುವ ಬಲವನ್ನೂ ಕೊಡಲಿ. ಈ ಮನೆಗಳ ಆಮೋನರನ್ನು ನೆನೆಸಿರಿ, ಯೋಷೀಯರನ್ನು ಕಾಪಾಡಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ, ಆಮೆನ್.